ರೋದ್ಯಾ ಯಾರು, ರೋದಿಯೊನ್ ಯಾರು? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ "ರಷ್ಯನ್ ಸಾಹಿತ್ಯ, ಸಂಗೀತ, ಚಿತ್ರಕಲೆ ಬಗ್ಗೆ ಏನಾದ್ರೂ ಕೇಳೋದಿದ್ರೆ ಕಳ್ಸಿ" ಅಂತ ಒಂದೇ ಒಂದು ಸಾಲು ಹಾಕಿದ್ದೆ ಅಷ್ಟೇ. ಬಂದಿರೋ ರಾಶಿ ನೋಡಿದ್ರೆ ಇನ್ನು ಆರು ತಿಂಗಳು ಈ ಅಂಕಣಕ್ಕೆ ಬೇರೆ ಕೆಲಸಾನೇ ಬೇಡ. ಕೆಲವು ಪ್ರಶ್ನೆಗಳನ್ನ ಸ್ವಲ್ಪ ಚಿಕ್ಕದು ಮಾಡಿದೀನಿ, ಯಾರ ಹೆಸರೂ ಹಾಕಿಲ್ಲ. ನನ್ನನ್ನ ಬೈದಿರೋ ಪತ್ರಾನೂ ಒಂದಿದೆ, ಅದನ್ನ ಕೊನೇಗೆ ಇಟ್ಟಿದೀನಿ.

ಪ್ರಶ್ನೆ: ಮೇಡಂ, ದಾಸ್ತೊಯೆವ್‌ಸ್ಕಿಯ 'ಕ್ರೈಮ್ ಅಂಡ್ ಪನಿಶ್‌ಮೆಂಟ್' ಮೂರು ಸಲ ಶುರು ಮಾಡಿ ಮೂರು ಸಲಾನೂ ಬಿಟ್ಟಿದೀನಿ. ಒಂದ್ ಕಡೆ ರಸ್ಕೋಲ್ನಿಕೊವ್ ಅಂತಾರೆ, ಇನ್ನೊಂದ್ ಕಡೆ ರೋದಿಯೊನ್ ರೊಮಾನೊವಿಚ್, ಅಮ್ಮ ಬಂದ್ರೆ ರೋದ್ಯಾ. ನಾನು ಮೂರು ಜನ ಅನ್ಕೊಂಡು ಓದ್ತಿದ್ದೆ, ಒಬ್ನೇ ಅಂತೆ! ಇದು ಬರೆದವನ ತಪ್ಪಾ ನನ್ನ ತಪ್ಪಾ?

ಉತ್ತರ: ಇಬ್ಬರದ್ದೂ ಅಲ್ಲ ಬಿಡಿ, ಅವನು ತನ್ನ ಊರಿನವರಿಗೆ ಅಂತ ಬರೆದ, ಅವರಿಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ. ರಷ್ಯಾದಲ್ಲಿ ಒಬ್ಬೊಬ್ಬರಿಗೂ ಮೂರು ಭಾಗದ ಹೆಸರು: ತನ್ನ ಹೆಸರು, ಅಪ್ಪನ ಹೆಸರಿಂದ ಕಟ್ಟಿದ ಹೆಸರು, ಆಮೇಲೆ ಮನೆತನದ್ದು. ಅಪ್ಪ ರೊಮಾನ್ ಆಗಿದ್ರೆ ಮಗ ರೊಮಾನೊವಿಚ್, ಮಗಳು ರೊಮಾನೊವ್ನಾ. ಅದಕ್ಕೇ ಕಾದಂಬರೀಲಿ ಅವ್ದೋತ್ಯಾ ರೊಮಾನೊವ್ನಾ ಅಂತ ಒಬ್ಬಳು ಬಂದ ತಕ್ಷಣ ರಷ್ಯನ್ ಓದುಗನಿಗೆ ಓ ಇವಳು ತಂಗಿ ಅಂತ ಹೊಳೆದುಬಿಡುತ್ತೆ. ಆ ಅವ್ದೋತ್ಯಾನೇ ಮನೇಲಿ ದೂನ್ಯಾ. ಸೋಫ್ಯಾ ಸೆಮ್ಯೋನೊವ್ನಾ ಅಂದ್ರೆ ಸೋನ್ಯಾ, ಕುಡುಕ ಸೆಮ್ಯೋನ್ ಮರ್ಮೆಲಾದೊವ್‌ನ ಮಗಳು. ಹೆಂಗಸರ ಮನೆತನದ ಹೆಸರಿಗೆ ಕೊನೇಲಿ 'ಆ' ಸೇರುತ್ತೆ, ಹಾಗಾಗಿ ಟಾಲ್‌ಸ್ಟಾಯ್‌ನ 'ಅನ್ನಾ ಕರೆನಿನಾ'ದಲ್ಲಿ ಗಂಡ ಕರೆನಿನ್, ಹೆಂಡತಿ ಕರೆನಿನಾ. ಇಷ್ಟು ವ್ಯಾಕರಣ ಸಾಕು.

ನಿಜವಾದ ಮಜಾ ಇರೋದು ಯಾರು ಯಾರನ್ನ ಯಾವಾಗ ಏನಂತ ಕರೀತಾರೆ ಅನ್ನೋದ್ರಲ್ಲಿ. ಅಮ್ಮ ಕಾಗದ ಬರೆದಾಗ ರೋದ್ಯಾ ಅಂತಲೇ ಶುರು. ಅದೇ ತನಿಖೆ ಮಾಡೋ ಪೊರ್ಫಿರಿ ಪೆತ್ರೊವಿಚ್ ಇದಾನಲ್ಲ, ಅವನು ಇವನೇ ಕೊಲೆಗಾರ ಅಂತ ಒಳಗೊಳಗೇ ಅನುಮಾನ ಇಟ್ಕೊಂಡು ಬಾಯಲ್ಲಿ ಮಾತ್ರ ರೋದಿಯೊನ್ ರೊಮಾನೊವಿಚ್ ಅಂತ ಪೂರ್ತಿ ಮರ್ಯಾದೆ ಕೊಡ್ತಾನೆ, ಮಧ್ಯೆ ಮಧ್ಯೆ 'ಬಾತ್ಯುಶ್ಕಾ' ಅಂತ ಬೆಣ್ಣೆ ಬೇರೆ ಹಚ್ತಾನೆ. ಆ ಪದಕ್ಕೆ ಅಕ್ಷರಶಃ ಅರ್ಥ ಅಪ್ಪಯ್ಯ ಅಂತ, ಮಾತಲ್ಲಿ ಬರುವಾಗ ನಾವು "ಅಲ್ಲಪ್ಪಾ, ಹೇಳಪ್ಪಾ" ಅಂತೀವಲ್ಲ ಆ ಥರ. ಅಷ್ಟು ಪ್ರೀತಿಯಿಂದ ಮಾತಾಡೋ ಪೊಲೀಸಿನವನನ್ನ ಕಂಡ್ರೆ ಯಾರಿಗೆ ತಾನೇ ಬೆವರೋದಿಲ್ಲ? ಇನ್ನೊಂದು ಗಮನಿಸಿ, ಇಡೀ ಪುಸ್ತಕದಲ್ಲಿ ಪೊರ್ಫಿರಿಗೆ ಮನೆತನದ ಹೆಸರೇ ಕೊಟ್ಟಿಲ್ಲ. ರಸ್ಕೋಲ್ನಿಕೊವ್ ಅನ್ನೋದ್ರಲ್ಲಿರೋ 'ರಸ್ಕೋಲ್'ಗೆ ಸೀಳು, ಒಡಕು ಅಂತ ಅರ್ಥ, ಆ ಹುಡುಗ ನಿಜವಾಗ್ಲೂ ಎರಡು ಹೋಳಾಗಿರೋನೇ.

ಇಂಗ್ಲಿಷಲ್ಲಿ ಓದಿದ್ರೆ ಇನ್ನೂ ಒಂದು ಕಳ್ಕೋತೀವಿ, ನೀನು ನೀವು ವ್ಯತ್ಯಾಸ. ರಷ್ಯನ್ನಲ್ಲಿ 'ತಿ', 'ವಿ' ಅಂತ ಎರಡಿದೆ, ಇಂಗ್ಲಿಷಿನವರಿಗೆ ಎಲ್ಲಾ ಒಂದೇ 'ಯೂ'. ಪುಶ್ಕಿನ್ 1828ರಲ್ಲಿ ಬರೆದ ಒಂದು ಪುಟಾಣಿ ಪದ್ಯದ ಇಡೀ ವಿಷಯಾನೇ ಇದು: ಅವಳು ಬಾಯಿ ತಪ್ಪಿ 'ನೀವು' ಅನ್ನೋ ಜಾಗದಲ್ಲಿ 'ನೀನು' ಅಂದ್ಬಿಡ್ತಾಳೆ, ಅಷ್ಟಕ್ಕೇ ಇವನ ಎದೇಲಿ ಗಲಾಟೆ. ಇದನ್ನ ಕನ್ನಡದವರಿಗೆ ಯಾರಾದ್ರೂ ವಿವರಿಸಬೇಕಾ ಹೇಳಿ. ಅದಕ್ಕೇ ರಷ್ಯನ್ ಪುಸ್ತಕ ಸಿಕ್ಕಿದ್ರೆ ಕನ್ನಡದ್ದೇ ಹುಡುಕಿ ಓದಿ ಅನ್ನೋದು ನನ್ನ ಹಠ. ಸದ್ಯಕ್ಕೆ ಒಂದು ಚೀಟಿ ಮೇಲೆ ಹೆಸರುಗಳನ್ನ ಬರ್ಕೊಂಡು ಅದನ್ನೇ ಪುಟದ ಗುರುತಿಗೆ ಇಟ್ಕೊಳ್ಳಿ, ನಾನು ಇವತ್ತಿಗೂ ಹಾಗೇ ಮಾಡೋದು.

ಪ್ರಶ್ನೆ: ಮುಸೋರ್ಗ್‌ಸ್ಕಿಯ 'ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್' ದಿನಾ ಕೇಳ್ತೀನಿ. ಆ ಪಿಕ್ಚರ್‌ಗಳು ಎಲ್ಲಿವೆ, ನೋಡೋಕೆ ಸಿಗುತ್ತಾ?

ಉತ್ತರ: ಬಹುತೇಕ ಸಿಗಲ್ಲ, ಕಳೆದುಹೋಗಿವೆ. ಸಂಗೀತ ಉಳೀತು ಚಿತ್ರ ಹೋಯ್ತು.

ವಿಕ್ತೊರ್ ಹಾರ್ಟ್‌ಮನ್ ಅಂತ ಒಬ್ಬ ವಾಸ್ತುಶಿಲ್ಪಿ, ಚಿತ್ರಾನೂ ಬರೀತಿದ್ದ, ಮುಸೋರ್ಗ್‌ಸ್ಕಿಗೆ ಜೀವದ ಗೆಳೆಯ. 1873ರಲ್ಲಿ 39 ವರ್ಷಕ್ಕೇ ಹೋಗ್ಬಿಟ್ಟ. ಇವರಿಬ್ಬರಿಗೂ ಬೇಕಾದ ವ್ಲಾದಿಮಿರ್ ಸ್ತಾಸೊವ್ ಅನ್ನೋ ವಿಮರ್ಶಕ ಮುಂದೆ ನಿಂತು 1874ರಲ್ಲಿ ಪೀಟರ್ಸ್‌ಬರ್ಗಲ್ಲಿ ಹಾರ್ಟ್‌ಮನ್‌ನ ಕೆಲಸಗಳನ್ನೆಲ್ಲ ಸೇರಿಸಿ ಒಂದು ಪ್ರದರ್ಶನ ಮಾಡಿಸ್ದ. ಮುಸೋರ್ಗ್‌ಸ್ಕಿ ಅಲ್ಲಿ ಓಡಾಡಿ ಬಂದು ಆ ವರ್ಷದ ಜೂನಲ್ಲಿ ಕೆಲವೇ ವಾರದಲ್ಲಿ ಪಿಯಾನೊಗೆ ಈ ಕೃತಿ ಬರೆದು ಮುಗಿಸಿಬಿಟ್ಟ. ಮಧ್ಯೆ ಮಧ್ಯೆ ಬರೋ 'ಪ್ರೊಮೆನಾಡ್' ಇದೆಯಲ್ಲ, ಅದು ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ನಡ್ಕೊಂಡು ಹೋಗೋದು. ತಾಳ ಎಣಿಸಿ ನೋಡಿ, ಒಂದ್ಸಲ ಐದು, ಒಂದ್ಸಲ ಆರು. ಸಮ ಹೆಜ್ಜೆ ಬೀಳೋದೇ ಇಲ್ಲ, ಸತ್ತ ಗೆಳೆಯನ ಕೆಲಸದ ಮುಂದೆ ನಿಂತು ನಿಂತು ಹೋಗೋನ ನಡಿಗೆ ಹಾಗೇ ತಾನೇ ಇರುತ್ತೆ.

ಮಜಾ ಏನಂದ್ರೆ ಅಲ್ಲಿದ್ದದ್ದು ಎಲ್ಲಾ ದೊಡ್ಡ ದೊಡ್ಡ ಪೇಂಟಿಂಗ್ ಅಲ್ಲ. ಕೋಳಿಕಾಲಿನ ಮೇಲೆ ನಿಂತಿರೋ ಮಾಟಗಾತಿ ಬಾಬಾ ಯಗಾಳ ಗುಡಿಸಲು ಅಂದ್ರೆ ಅದು ಒಂದು ಗಡಿಯಾರದ ಡಿಸೈನ್. ಮೊಟ್ಟೆಯೊಳಗಿನ ಮರಿಗಳ ಕುಣಿತ ಅಂದ್ರೆ ಬ್ಯಾಲೆಗೆ ಮಾಡಿದ ಡ್ರೆಸ್ಸಿನ ಸ್ಕೆಚ್, ಇದು ಪುಣ್ಯಕ್ಕೆ ಉಳಿದಿದೆ. ಕೊನೇಲಿ ಗಂಟೆಗಳ ಸದ್ದಿನ ಜೊತೆ ಎದ್ದು ನಿಲ್ಲುತ್ತಲ್ಲ ಕೀವ್‌ನ ಮಹಾದ್ವಾರ, ಅದನ್ನ ಕಟ್ಟಲೇ ಇಲ್ಲ! ಎರಡನೇ ಅಲೆಕ್ಸಾಂಡರ್ 1866ರಲ್ಲಿ ಕೊಲೆ ಯತ್ನದಿಂದ ಪಾರಾದ ನೆನಪಿಗೆ ಅಂತ ಸ್ಪರ್ಧೆ ಇಟ್ಟಿದ್ರು, ಅದಕ್ಕೆ ಕಳ್ಸಿದ ನಕ್ಷೆ ಅದು. ಕಲ್ಲಲ್ಲಿ ಆಗದೇ ಇದ್ದಿದ್ದು ಸ್ವರದಲ್ಲಿ ಆಯ್ತು. ನೀವು ಕೇಳ್ತಿರೋದು ಆರ್ಕೆಸ್ಟ್ರಾದ್ದಾದ್ರೆ ಬಹುಶಃ ಅದು ಫ್ರೆಂಚ್ ಸಂಗೀತಗಾರ ರವೆಲ್ 1922ರಲ್ಲಿ ಮಾಡಿದ್ದು, ಒಂದ್ಸಲ ಬರೀ ಪಿಯಾನೊದ್ದು ಕೇಳಿ. ನಂಗೆ ಅದೇ ಇಷ್ಟ, ಒಬ್ಬನೇ ಒಬ್ಬ ಇರ್ತಾನೆ ಆ ರೂಮಲ್ಲಿ.

ಕಥೆ ಇಲ್ಲಿಗೆ ಮುಗಿಯಲ್ಲ. 1881ರ ಮಾರ್ಚಲ್ಲಿ ಮುಸೋರ್ಗ್‌ಸ್ಕಿ ಕುಡಿದು ಕುಡಿದು ಹಾಳಾಗಿ ಪೀಟರ್ಸ್‌ಬರ್ಗಿನ ಮಿಲಿಟರಿ ಆಸ್ಪತ್ರೇಲಿ ಮಲಗಿದ್ದ. ಚಿತ್ರಕಾರ ಇಲ್ಯಾ ರೇಪಿನ್, ಇವನೂ ಅದೇ ಸ್ತಾಸೊವ್ ಬಳಗದವನೇ, ಬಣ್ಣದ ಪೆಟ್ಟಿಗೆ ತಗೊಂಡು ಆಸ್ಪತ್ರೆಗೇ ಹೋದ. ನಾಲ್ಕು ಸಿಟ್ಟಿಂಗಲ್ಲಿ ಚಿತ್ರ ಮುಗೀತು, ಹದಿನೈದು ದಿನದೊಳಗೆ ಮುಸೋರ್ಗ್‌ಸ್ಕಿನೂ ಮುಗಿದ, 42 ತುಂಬಿ ಒಂದು ವಾರ ಆಗಿತ್ತಷ್ಟೇ. ಕೆದರಿದ ಕೂದಲು, ಕೆಂಪು ಮೂಗು, ಮೈಮೇಲೆ ಮನೇಲಿ ಹಾಕೋ ಹಸಿರು ಗೌನು, ಆದ್ರೆ ಆ ಕಣ್ಣು! ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರೀಲಿದೆ, ಫೋಟೊ ಆನ್‌ಲೈನಲ್ಲಿ ಸಿಗುತ್ತೆ, ದೊಡ್ಡದು ಮಾಡ್ಕೊಂಡು ನೋಡಿ. ನೋಡಿ ಹೇಗಿದೆ, ಗೆಳೆಯ ಸತ್ತಾಗ ಇವನು ಸಂಗೀತ ಬರೆದ, ಇವನು ಸಾಯೋವಾಗ ಇನ್ನೊಬ್ಬ ಗೆಳೆಯ ಚಿತ್ರ ಬರೆದ. ರಷ್ಯನ್ ಸಂಗೀತ ಬೇರೆ, ಚಿತ್ರಕಲೆ ಬೇರೆ, ಸಾಹಿತ್ಯ ಬೇರೆ ಅಂತ ಡಬ್ಬಿ ಮಾಡಿ ಇಟ್ರೆ ಅರ್ಧ ಕಥೆ ಕೈಗೆ ಬರೋದಿಲ್ಲ ಅಂತ ನಾನು ಪದೇ ಪದೇ ಬಡ್ಕೊಳ್ಳೋದು ಇದಕ್ಕೇ. ಇದೆಲ್ಲ ಒಂದೇ ಪಡಸಾಲೇಲಿ ಕೂತು ಮಾತಾಡ್ತಿದ್ದವರ ಕೆಲಸ.

ಪ್ರಶ್ನೆ: ಅದೇ ಗುಂಪಲ್ಲಿ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು ಇದ್ರಂತೆ, ಹೌದಾ?

ಉತ್ತರ: ಹೌದು, ಅಲೆಕ್ಸಾಂದರ್ ಬೊರೊದಿನ್. ಮೆಡಿಕಲ್ ಅಕಾಡೆಮೀಲಿ ಕೆಮಿಸ್ಟ್ರಿ ಪ್ರೊಫೆಸರ್, ಸಂಗೀತ ಬಿಡುವಿದ್ದಾಗ. ಬಿಡುವು ಇರ್ತಿರ್ಲಿಲ್ಲ ಅನ್ನೋದೇ ಸಮಸ್ಯೆ, 'ಪ್ರಿನ್ಸ್ ಇಗೊರ್' ಒಪೆರಾನ 1869ರಲ್ಲಿ ಶುರು ಮಾಡಿ 1887ರಲ್ಲಿ ಸಾಯೋವರೆಗೂ ಮುಗಿಸಲೇ ಇಲ್ಲ. ರಿಮ್‌ಸ್ಕಿ-ಕೊರ್ಸಕೊವ್, ಗ್ಲಜುನೊವ್ ಇಬ್ಬರೂ ಸೇರಿ ಪೂರ್ತಿ ಮಾಡಿದ್ರು, 1890ರಲ್ಲಿ ರಂಗಕ್ಕೆ ಬಂತು. ಸ್ತಾಸೊವ್ ಬಳಗದಲ್ಲಿ 'ಐವರು' ಅಂತಲೇ ಹೆಸರಾದ ಸಂಗೀತಗಾರರು ಇದಾರಲ್ಲ, ಅವರಲ್ಲಿ ರಿಮ್‌ಸ್ಕಿ-ಕೊರ್ಸಕೊವ್ ನೌಕಾಪಡೆಯವನು, ಕ್ಯುಯಿ ಮಿಲಿಟರಿ ಎಂಜಿನಿಯರ್, ಮುಸೋರ್ಗ್‌ಸ್ಕಿ ಸೈನ್ಯ ಬಿಟ್ಟು ಸರ್ಕಾರಿ ಗುಮಾಸ್ತ. ಬಲಾಕಿರೆವ್ ಒಬ್ಬನೇ ಪೂರ್ತಿ ಸಂಗೀತಗಾರ ಅನ್ನಿ, ಅವನೂ ಮಧ್ಯದಲ್ಲಿ ಸಂಗೀತಕ್ಕೆ ಬೆನ್ನು ಹಾಕಿ ರೈಲ್ವೇಲಿ ಕೆಲಸಕ್ಕೆ ಸೇರಿದ್ದುಂಟು.

ಪ್ರಶ್ನೆ: ಬಿಳಿ ಕ್ಯಾನ್ವಾಸ್ ಮೇಲೆ ಒಂದು ಕಪ್ಪು ಚೌಕ ಬರೆದು ಅದನ್ನ ಮಹಾನ್ ಕಲೆ ಅಂತಾರೆ. ಇದನ್ನ ನನ್ನ ಮೂರನೇ ಕ್ಲಾಸ್ ಮಗಳೂ ಬರೀತಾಳೆ. ನಮ್ಮನ್ನ ಮಂಗ ಮಾಡ್ತಿದಾರಾ?

ಉತ್ತರ: ಮಗಳು ಬರೀತಾಳೆ ಸರಿ, ಆದ್ರೆ ಎಲ್ಲಿ ತೂಗ್ಹಾಕ್ತಾಳೆ? ಆ ಚೌಕ ಬರೆದ ಮಾಲೆವಿಚ್‌ನ ಗತ್ತು ಇರೋದು ಅಲ್ಲಿ. 1915ರ ಡಿಸೆಂಬರಲ್ಲಿ, ಹೆಸರು ಬದಲಾದ ಪೀಟರ್ಸ್‌ಬರ್ಗ್ ಅಂದ್ರೆ ಪೆತ್ರೊಗ್ರಾದ್‌ನ ಪ್ರದರ್ಶನದಲ್ಲಿ ಅವನು ಆ ಚೌಕಾನ ಗೋಡೆ ಮಧ್ಯೆ ಹಾಕ್ಲಿಲ್ಲ, ಎರಡು ಗೋಡೆ ಸೇರೋ ಮೂಲೇಲಿ, ಮೇಲೆ, ಸೂರಿನ ಹತ್ತಿರ ಹಾಕ್ದ. ರಷ್ಯನ್ ಮನೆಗಳಲ್ಲಿ ಆ ಮೂಲೆ ದೇವರ ಪಟದ ಜಾಗ, 'ಕ್ರಾಸ್ನಿ ಉಗಲ್' ಅಂತಾರೆ, ಅಂದ್ರೆ ಕೆಂಪು ಮೂಲೆ. ಹಳೇ ರಷ್ಯನ್ನಲ್ಲಿ 'ಕ್ರಾಸ್ನಿ' ಅನ್ನೋ ಪದಕ್ಕೆ ಚೆಂದ ಅಂತಲೂ ಅರ್ಥ, ಮಾಸ್ಕೋದ ರೆಡ್ ಸ್ಕ್ವೇರೂ ಹೀಗೇ, ಕಮ್ಯುನಿಸ್ಟರಿಗೂ ಆ ಹೆಸರಿಗೂ ಸಂಬಂಧ ಇಲ್ಲ. ಒಳಗೆ ಬಂದವನು ಅಭ್ಯಾಸಬಲದಿಂದ ಆ ಮೂಲೆ ಕಡೆ ತಲೆ ಎತ್ತಿ ನೋಡಿದ್ರೆ ದೇವರಿಲ್ಲ, ಕತ್ತಲೆ ಇದೆ. ಆ ಏಟು ಊಹಿಸ್ಕೊಳ್ಳಿ. ನೂರು ವರ್ಷದ ಮೇಲೆ ಈಗ ಬಣ್ಣ ಎಲ್ಲ ಬಿರುಕು ಬಿಟ್ಟಿದೆ, ಬಿರುಕಿನ ಸಂದಿಯಿಂದ ಬೇರೆ ಬಣ್ಣ ಇಣುಕುತ್ತೆ. 2015ರಲ್ಲಿ ಅದನ್ನ ಇಟ್ಕೊಂಡಿರೋ ತ್ರೆತ್ಯಾಕೋವ್ ಗ್ಯಾಲರಿಯವರು ಎಕ್ಸ್‌ರೇ ಎಲ್ಲ ಮಾಡಿ ನೋಡಿದ್ರೆ ಕೆಳಗೆ ಇನ್ನೂ ಎರಡು ಬಣ್ಣಬಣ್ಣದ ಚಿತ್ರ ಇದ್ವು. ಇಷ್ಟೆಲ್ಲ ಹೇಳಿದ್ಮೇಲೂ ನಿಮಗೆ ಇಷ್ಟ ಆಗಬೇಕು ಅಂತೇನಿಲ್ಲ. ನಂಗೂ ಅದನ್ನ ಮನೇಲಿ ಹಾಕ್ಕೊಳ್ಳೋ ಆಸೆ ಇಲ್ಲ.

ಪ್ರಶ್ನೆ: ಚೆಕೊವ್‌ನ 'ಚೆರ್ರಿ ಆರ್ಚರ್ಡ್' ನಾಟಕಕ್ಕೆ ಕಾಮಿಡಿ ಅಂತ ಬರ್ದಿದೆ. ನಾನು ಕೊನೇಲಿ ಅತ್ತೆ. ನನ್ನಲ್ಲೇ ಏನೋ ದೋಷ ಇದೆಯಾ?

ಉತ್ತರ: ನಿಮ್ಮಲ್ಲಿ ದೋಷ ಇದ್ರೆ ಸ್ತಾನಿಸ್ಲಾವ್‌ಸ್ಕಿಯಲ್ಲೂ ಇತ್ತು. 1904ರಲ್ಲಿ ಮಾಸ್ಕೋ ಆರ್ಟ್ ಥಿಯೇಟರಲ್ಲಿ ಅದನ್ನ ಆಡಿಸಿದವನು ಅವನೇ, ಓದಿ ಅತ್ತವನು, ಇದು ಟ್ರ್ಯಾಜಿಡಿ ಅಂತ ವಾದ ಮಾಡಿದವನು. ಚೆಕೊವ್‌ಗೆ ಕೋಪ, ನಾನು ಬರೆದಿದ್ದು ಕಾಮಿಡಿ ಕಣ್ರಯ್ಯಾ ಅಂತ. ಆ ವರ್ಷ ಜುಲೈಲಿ ಅವನು ತೀರಿಕೊಂಡ, ಜಗಳ ಮಾತ್ರ ಇವತ್ತಿಗೂ ನಡೀತಿದೆ.

ನಾನಂತೂ ಚೆಕೊವ್ ಕಡೆ. ಮನೆ ಹರಾಜಿಗೆ ಬಂದಿದೆ, ಮನೆ ಒಡತಿ ಲ್ಯುಬೊವ್ ಅಂದ್ರೆಯೆವ್ನಾಳ ಅಣ್ಣ ಗಾಯೆವ್ ಏನ್ಮಾಡ್ತಾನೆ, ನೂರು ವರ್ಷದ ಪುಸ್ತಕದ ಬೀರು ಮುಂದೆ ನಿಂತು ಅದಕ್ಕೆ ಅಭಿನಂದನಾ ಭಾಷಣ ಮಾಡ್ತಾನೆ! ಬೀರುಗೆ! ಇಂಥ ಚಿಕ್ಕಪ್ಪ ಎಲ್ಲರ ಮನೇಲೂ ಒಬ್ಬ ಇರ್ತಾನೆ. ನಗು ಬರುತ್ತೆ, ಇವರು ಹೀಗೇ ಮಾತಾಡ್ತಾ ಮಾತಾಡ್ತಾ ತೋಟ ಕಳ್ಕೊಂಡ್ಬಿಡ್ತಾರಲ್ಲ ಅಂತ ಸಂಕಟಾನೂ ಆಗುತ್ತೆ, ಎರಡೂ ಒಟ್ಟಿಗೇ. ಕೊನೇ ಅಂಕದಲ್ಲಿ ಗಾಡಿ ಹೊರಡೋ ಹೊತ್ತಲ್ಲಿ ಲ್ಯುಬೊವ್ ಅಂದ್ರೆಯೆವ್ನಾ ಇನ್ನೊಂದು ನಿಮಿಷ ಕೂತ್ಕೋತೀನಿ ಅಂತಾಳೆ ನೋಡಿ, ಅಲ್ಲಿ ಒಂದು ಸಣ್ಣ ವಿಷಯ ಇದೆ. ದೂರ ಪ್ರಯಾಣ ಹೊರಡೋ ಮುಂಚೆ ಎಲ್ಲರೂ ಒಂದು ಗಳಿಗೆ ಸುಮ್ನೆ ಕೂತು ಆಮೇಲೆ ಏಳೋದು ರಷ್ಯನ್ನರ ಹಳೇ ಪದ್ಧತಿ, ಈಗಲೂ ಸೂಟ್‌ಕೇಸ್ ಮೇಲಾದ್ರೂ ಕೂತು ಏಳ್ತಾರೆ. ಅಲ್ಲಿನ ಪ್ರೇಕ್ಷಕರಿಗೆ ಆ ಒಂದು ನಿಮಿಷದಲ್ಲಿ ಅವಳು ಮತ್ತೆ ವಾಪಸ್ ಬರಲ್ಲ ಅನ್ನೋದೂ ಕೇಳಿಸ್ತಿರುತ್ತೆ. ಅವರೆಲ್ಲ ಹೋದ್ಮೇಲೆ ಬೀಗ ಹಾಕಿದ ಮನೇಲಿ ಮುದಿ ಆಳು ಫಿರ್ಸ್ ಒಬ್ಬನೇ ಉಳ್ಕೊಂಡಿರ್ತಾನೆ, ಅವನನ್ನ ಎಲ್ಲರೂ ಮರ್ತಿರ್ತಾರೆ. ಅಲ್ಲಿ ನಾನೂ ಅಳ್ತೀನಿ, ಚೆಕೊವ್ ಏನಾದ್ರೂ ಅನ್ಕೊಳ್ಳಲಿ.

ಪ್ರಶ್ನೆ: ನಾನು ರಿಟೈರ್ಡ್ ಮೇಷ್ಟ್ರು. ಮುತ್ತಿಗೆ ನಡೀತಿದ್ದಾಗ ಲೆನಿನ್‌ಗ್ರಾದಲ್ಲಿ ಹಸಿದ ಹೊಟ್ಟೇಲೇ ಸಿಂಫನಿ ನುಡಿಸಿದ್ರು ಅಂತ ಕೇಳಿದೀನಿ. ನಿಜಾನಾ, ಇಲ್ಲಾ ಪ್ರಚಾರಕ್ಕೆ ಕಟ್ಟಿದ ಕಥೇನಾ?

ಉತ್ತರ: ಸರ್, ನಿಜ. ಪ್ರಚಾರಕ್ಕೂ ಬಳಸ್ಕೊಂಡ್ರು, ಅದೂ ನಿಜ. ಶೋಸ್ತಕೊವಿಚ್ ತನ್ನ ಏಳನೇ ಸಿಂಫನೀನ 1941ರ ಬೇಸಿಗೇಲಿ ಆ ಊರಲ್ಲೇ, ಅಂದ್ರೆ ಹಿಂದಿನ ಪೀಟರ್ಸ್‌ಬರ್ಗಲ್ಲೇ, ಶುರು ಮಾಡ್ದ. ಸೆಪ್ಟೆಂಬರ್ 8ಕ್ಕೆ ಮುತ್ತಿಗೆ ಬಿಗೀತು, ಅಕ್ಟೋಬರ್ ಮೊದಲಲ್ಲಿ ಅವನನ್ನ ಹೊರಗೆ ಕಳ್ಸಿದ್ರು, ಕುಯ್ಬಿಶೆವ್‌ನಲ್ಲಿ ಡಿಸೆಂಬರಿಗೆ ಮುಗಿಸ್ದ. ಆ ಚಳಿಗಾಲ ಲೆನಿನ್‌ಗ್ರಾದಲ್ಲಿ ಒಂದು ಹಂತದಲ್ಲಿ ಬಹಳ ಜನಕ್ಕೆ ದಿನಕ್ಕೆ 125 ಗ್ರಾಂ ಬ್ರೆಡ್ ಅಷ್ಟೇ ಪಡಿತರ, ಅದೂ ಪೂರ್ತಿ ಹಿಟ್ಟಿಂದಲ್ಲ. ವಸಂತದಲ್ಲಿ ಕಾರ್ಲ್ ಎಲಿಯಾಸ್‌ಬರ್ಗ್ ರೇಡಿಯೊ ಆರ್ಕೆಸ್ಟ್ರಾನ ಮತ್ತೆ ಒಟ್ಟು ಮಾಡೋಕೆ ಹೋದ್ರೆ ಎಷ್ಟೋ ಜನ ಸತ್ತಿದ್ರು, ಬಂದವರಲ್ಲಿ ಕಹಳೆ ಊದೋರಿಗೆ ಊದೋಕೆ ಉಸಿರಿಲ್ಲ. ರೇಷನ್ ಸ್ವಲ್ಪ ಜಾಸ್ತಿ ಕೊಟ್ರು, ಸೈನ್ಯದ ಬ್ಯಾಂಡಿಂದ ಜನ ಕರೆಸಿದ್ರು, ಸ್ವರಪುಸ್ತಕ ವಿಮಾನದಲ್ಲಿ ಬಂತು. 1942ರ ಆಗಸ್ಟ್ 9ಕ್ಕೆ ಫಿಲ್‌ಹಾರ್ಮೋನಿಯಾ ಹಾಲಲ್ಲಿ ನುಡಿಸಿದ್ರು, ಒಂದೂಕಾಲು ಗಂಟೆಯ ಹತ್ತಿರದ ಕೃತಿ. ಕಛೇರಿ ಹೊತ್ತಲ್ಲಿ ಶೆಲ್ ಬೀಳಬಾರದು ಅಂತ ಸೋವಿಯತ್ ಫಿರಂಗಿಗಳು ಮುಂಚೇನೇ ಜರ್ಮನ್ನರ ಮೇಲೆ ಗುಂಡು ಸುರಿಸಿ ಬಾಯಿ ಮುಚ್ಚಿಸಿದ್ವು. ಲೌಡ್‌ಸ್ಪೀಕರ್ ಇಟ್ಟು ಊರಿಗೆಲ್ಲ ಕೇಳಿಸಿದ್ರು, ಆ ಕಡೆ ಶತ್ರುಗೂ ಕೇಳಿಸಿದ್ರು.

ಇದೇ ಶೋಸ್ತಕೊವಿಚ್‌ನನ್ನ ಅದೇ ಸರ್ಕಾರ ಆರು ವರ್ಷದ ಹಿಂದೆ ನಡುಗಿಸಿತ್ತು ಅನ್ನೋದನ್ನ ಮರೀಬಾರ್ದು. 1936ರ ಜನವರೀಲಿ ಸ್ಟಾಲಿನ್ ಅವನ ಒಪೆರಾ ನೋಡೋಕೆ ಬಂದ, ಎರಡು ದಿನಕ್ಕೆ 'ಪ್ರಾವ್ದಾ' ಪತ್ರಿಕೇಲಿ ಇದು ಸಂಗೀತ ಅಲ್ಲ ಗದ್ದಲ ಅನ್ನೋ ಅರ್ಥದ ಲೇಖನ, ಬರೆದವರ ಹೆಸರಿಲ್ಲ. ಬೀದೀಲಿ ಪರಿಚಯದವರು ಮುಖ ತಿರುಗಿಸೋಕೆ ಶುರು. ನಾಲ್ಕನೇ ಸಿಂಫನೀನ ಅವನೇ ವಾಪಸ್ ತಗೊಂಡ, ಅದು ಜನರ ಕಿವಿಗೆ ಬಿದ್ದಿದ್ದು 1961ರಲ್ಲಿ.

ಪ್ರಶ್ನೆ: ಅಷ್ಟು ಭಯ ಇದ್ದಾಗ ಪದ್ಯ ಬರೆಯೋರು ಏನ್ಮಾಡ್ತಿದ್ರು? ಬಚ್ಚಿಡ್ತಿದ್ರಾ?

ಉತ್ತರ: ಕಾಗದ ಬಚ್ಚಿಟ್ರೆ ಸಿಕ್ಕಿಬೀಳುತ್ತೆ, ಅದಕ್ಕೇ ತಲೇಲಿ ಇಟ್ಕೋತಿದ್ರು. ಆನ್ನಾ ಅಖ್ಮಾತೊವಾಳ ಮಗ ಲೆವ್ ಜೈಲಲ್ಲಿದ್ದ, ಹದಿನೇಳು ತಿಂಗಳು ಅವಳು ಲೆನಿನ್‌ಗ್ರಾದ್‌ನ ಜೈಲುಗಳ ಮುಂದೆ ಬೇರೆ ಹೆಂಗಸರ ಜೊತೆ ಕ್ಯೂನಲ್ಲಿ ನಿಂತಳು. ಆ ಅನುಭವದಿಂದ ಬಂದ 'ರೆಕ್ವಿಯೆಮ್' ಪದ್ಯಗಳನ್ನ ಅವಳು ಕಾಪಾಡಿದ ರೀತೀನ ಗೆಳತಿ ಲಿದಿಯಾ ಚುಕೊವ್‌ಸ್ಕಾಯಾ ಬರೆದಿಟ್ಟಿದಾಳೆ. ಗೋಡೆಗೂ ಕಿವಿ ಇದ್ದ ಕಾಲ, ಹಾಗಾಗಿ ಅಖ್ಮಾತೊವಾ ಗಟ್ಟಿಯಾಗಿ "ಟೀ ಕುಡೀತೀರಾ?" ಅಂತಲೋ "ಈ ವರ್ಷ ಶರತ್ಕಾಲ ಬೇಗ ಬಂತು" ಅಂತಲೋ ಏನೋ ಲೋಕಾಭಿರಾಮ ಮಾತಾಡ್ತಾ, ಕೈಯಲ್ಲಿ ಮಾತ್ರ ಚೀಟಿ ಮೇಲೆ ಸಾಲು ಗೀಚಿ ಮುಂದೆ ತಳ್ಳೋಳು. ಗೆಳತಿ ಸುಮ್ನೆ ಓದಿ ಬಾಯಿಪಾಠ ಮಾಡ್ಕೊಂಡು ವಾಪಸ್ ಕೊಡೋಳು, ಆಮೇಲೆ ಬೆಂಕಿಕಡ್ಡಿ, ಆಶ್‌ಟ್ರೇ, ಬೂದಿ. ಹೀಗೆ ನಂಬಿಕಸ್ಥ ಕೆಲವರ ತಲೆಗಳಲ್ಲಿ ವರ್ಷಗಟ್ಟಲೆ ಒಂದು ಪುಸ್ತಕ ಬದುಕಿತ್ತು. 1963ರಲ್ಲಿ ಮ್ಯೂನಿಕ್‌ನಲ್ಲಿ ಅಚ್ಚಾಯ್ತು, ಅವಳ ಸ್ವಂತ ದೇಶದಲ್ಲಿ 1987ರಲ್ಲಿ, ಅಷ್ಟೊತ್ತಿಗೆ ಅವಳು ಹೋಗಿ ಇಪ್ಪತ್ತೊಂದು ವರ್ಷ. ನಂಗೆ ಸ್ಮಾರಕ ಅಂತ ಮಾಡೋದಾದ್ರೆ ನಾನು ಕಾದು ನಿಂತ ಆ ಜೈಲಿನ ಮುಂದೆ ಮಾಡಿ ಅಂತ ಪದ್ಯದಲ್ಲೇ ಕೇಳಿದ್ಲು. 2006ರಲ್ಲಿ ನೆವಾ ನದಿಯ ಈಚೆ ದಡದಲ್ಲಿ, ಕ್ರೆಸ್ತಿ ಜೈಲಿಗೆ ಎದುರಾಗಿ, ಮಾಡಿದ್ರು.

ಸ್ಟಾಲಿನ್ ಹೋದ ಮೇಲೆ ಸ್ವಲ್ಪ ಉಸಿರಾಡೋ ಹಾಗಾಯ್ತು. ಕ್ರುಶ್ಚೇವ್ ಕಾಲದಲ್ಲಿ ಸಾಲುಸಾಲು ಐದು ಮಹಡಿ ಫ್ಲ್ಯಾಟು ಕಟ್ಟಿಸಿದ್ರು, ಹತ್ತು ಮನೆಯವರು ಒಂದೇ ಅಡುಗೆಮನೆ ಹಂಚ್ಕೊಂಡಿದ್ದವರಿಗೆ ಮೊದಲ ಸಲ ಬಾಗಿಲು ಹಾಕ್ಕೊಳ್ಳೋ ಸ್ವಂತ ಅಡುಗೆಮನೆ ಸಿಕ್ತು. ಪುಟ್ಟದೇ, ಆದ್ರೆ ಅಲ್ಲಿ ರಾತ್ರಿಯಿಡೀ ಮಾತು. ಟೈಪ್ ಮಾಡಿ ಕೈಯಿಂದ ಕೈಗೆ ಹೋಗೋ ಕಾರ್ಬನ್ ಪ್ರತಿಗಳು, ಗಿಟಾರ್ ಹಿಡಿದ ಒಕುದ್ಜಾವಾ, ವಿಸೋತ್‌ಸ್ಕಿಯರ ಟೇಪುಗಳು. ಅದಕ್ಕೂ ಮುಂಚೆ ನಿಷೇಧ ಆದ ಹಾಡುಗಳನ್ನ ಆಸ್ಪತ್ರೆಯವರು ಎಸೆದ ಎಕ್ಸ್‌ರೇ ಫಿಲ್ಮ್ ಮೇಲೆ ಕೊರೆದು ರೆಕಾರ್ಡ್ ಮಾಡಿ ಮಾರ್ತಿದ್ರು, ಜನ ಅದಕ್ಕೆ ಪಕ್ಕೆಲುಬು ಅಂತಲೇ ಹೆಸರಿಟ್ಟಿದ್ರು. ಯಾರದೋ ಎದೆಗೂಡಿನ ಮೇಲೆ ಜಾಜ್ ತಿರುಗ್ತಿತ್ತು.

ಪ್ರಶ್ನೆ: ರೇಪಿನ್, ಗೊಗೊಲ್, ಮಾಲೆವಿಚ್ ಇವರೆಲ್ಲ ಉಕ್ರೇನ್ ನೆಲದಲ್ಲಿ ಹುಟ್ಟಿದವರು. ನೀವು ರಷ್ಯನ್ ಅಂತ ಬರೀತೀರಿ. ಇದು ನ್ಯಾಯಾನಾ?

ಉತ್ತರ: ಮಾತಿನ ಚುರುಕು ನಂಗೆ ತಾಗಿದೆ. ರೇಪಿನ್ ಹುಟ್ಟಿದ್ದು ಖಾರ್ಕಿವ್ ಹತ್ತಿರದ ಚುಹುಯಿವ್‌ನಲ್ಲಿ, ಗೊಗೊಲ್ ಪೊಲ್ತಾವಾ ಸೀಮೆಯವನು, ಮಾಲೆವಿಚ್ ಕೀವ್‌ನಲ್ಲಿ ಹುಟ್ಟಿದ ಪೋಲಿಶ್ ಮನೆತನದ ಹುಡುಗ. ಮೂವರೂ ಹೆಸರು ಮಾಡಿದ್ದು ಸಾಮ್ರಾಜ್ಯದ ರಾಜಧಾನೀಲಿ, ಗೊಗೊಲ್ ಬರೆದಿದ್ದು ರಷ್ಯನ್ನಲ್ಲಿ, ಆದ್ರೆ ಅವನ ಮೊದಲ ಕಥೆಗಳ ಹಳ್ಳಿ, ದೆವ್ವ, ನಗು ಎಲ್ಲಾ ಉಕ್ರೇನ್‌ದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2023ರಲ್ಲಿ ರೇಪಿನ್‌ನ ಹೆಸರಿನ ಚೀಟಿ ಬದಲಾಯಿಸಿ ಉಕ್ರೇನಿಯನ್ ಅಂತ ಬರೀತು. ಒಬ್ಬರಿಗೇ ಪೂರ್ತಿ ಕೊಡೋಕೆ ನನ್ನ ಕೈಲಿ ಆಗಲ್ಲ, ಹುಟ್ಟಿದ ಊರನ್ನ ಮುಚ್ಚಿಟ್ಟು ಬರೀಬಾರ್ದು ಅನ್ನೋದು ಮಾತ್ರ ಖಂಡಿತ ಒಪ್ತೀನಿ. ಇನ್ಮೇಲೆ ಬರೀತೀನಿ.

ಪ್ರಶ್ನೆ: ಮೇಡಂ, ಒಂದು ಬೇಸರದ ಸಂಗತಿ. ಎರಡು ಸಂಚಿಕೆ ಹಿಂದೆ ನೀವು ಒಂದರೊಳಗೊಂದು ಕೂರೋ ಮಾತ್ರ್ಯೋಷ್ಕಾ ಗೊಂಬೆ ಶತಮಾನಗಳ ಹಳೇ ಜಾನಪದ ಅಂತ ಬರೆದ್ರಿ. ನನ್ನ ಮಗ ಅದನ್ನ ಸ್ಕೂಲ್ ಪ್ರಾಜೆಕ್ಟಲ್ಲಿ ಹಾಕಿ ಮಾರ್ಕ್ಸ್ ಕಳ್ಕೊಂಡ.

ಉತ್ತರ: ಅಯ್ಯೋ, ತಪ್ಪು ನಂದೇ, ಮಗನ ಹತ್ರ ಕ್ಷಮೆ ಕೇಳಿದೆ ಅಂತ ಹೇಳಿ. ಮಾತ್ರ್ಯೋಷ್ಕಾ ಹುಟ್ಟಿದ್ದು 1890ರ ದಶಕದಲ್ಲಿ. ಚಿತ್ರಕಾರ ಸೆರ್ಗೇಯ್ ಮಲ್ಯೂತಿನ್ ಬಣ್ಣ ಬರೆದ, ವಸೀಲಿ ಜ್ವ್ಯೋಜ್ದೊಚ್ಕಿನ್ ಅನ್ನೋ ಕುಶಲಕರ್ಮಿ ಮರ ಕಡೆದ. ಮೊದಲ ಸೆಟ್ಟಲ್ಲಿ ಎಂಟು ಗೊಂಬೆ, ಹೊರಗಿನ ಹುಡುಗಿ ಕೈಲಿ ಒಂದು ಕರಿ ಹುಂಜ, ಕಟ್ಟಕಡೇದು ಬಟ್ಟೇಲಿ ಸುತ್ತಿದ ಹಸುಗೂಸು. ಸೆರ್ಗಿಯೆವ್ ಪೊಸಾದ್‌ನ ಆಟಿಕೆ ಮ್ಯೂಸಿಯಮ್ಮಲ್ಲಿ ಇದೆ. ಅಂದ್ರೆ ಅನ್ನಾ ಕರೆನಿನಾ ಕಾದಂಬರಿ ಈ ಗೊಂಬೆಗಿಂತ ಹಳೇದು, ಇದನ್ನ ಮಗನ ಮೇಷ್ಟ್ರಿಗೆ ಹೇಳಿ, ಅರ್ಧ ಮಾರ್ಕಾದ್ರೂ ವಾಪಸ್ ಬರಬಹುದು. ಹಾಂ, ಮಾತ್ರ್ಯೋಷ್ಕಾ ಅನ್ನೋದು ಮಾತ್ರ್ಯೋನಾ ಅನ್ನೋ ಹೆಂಗಸಿನ ಹೆಸರನ್ನ ಮುದ್ದು ಮಾಡಿ ಕರೆಯೋದು. ಮೊದಲನೇ ಪ್ರಶ್ನೆ ಕೇಳಿದೋರು ಇದನ್ನೂ ಆ ಚೀಟಿ ಮೇಲೆ ಬರ್ಕೊಳ್ಳಿ.